ಗ್ರಹಣದಲ್ಲಿ ಹೆಚ್ಚಿದ ಸೌತೆಕಾಯಿ

ಹೊಳೆನರಸೀಪುರದ ಗೋದಮ್ಮನಿಗೆ ಎಚ್ಚರದಲ್ಲೂ ಕನಸು ಕಾಣುವ ಅಭ್ಯಾಸ. ಸಾರಿಗೆ ಒಗ್ಗರಣೆ ಹಾಕುತ್ತಲೇ ಎಲ್ಲೋ ತೇಲಿಹೋಗಿಬಿಡುವಳು. ಕನಸು ಮಾತ್ರ ಒಂದೇ: ಎಂಬತ್ತರ ಸೂರ್ಯಗ್ರಹಣ, ಊರಿಡೀ ಬಾಗಿಲು ಹಾಕಿಕೊಂಡ ಮಂಕು ಮಧ್ಯಾಹ್ನ, ಈಳಿಗೆಮಣೆಯ ಮೇಲೆ ತುಂಬು ಬಸುರಿ ತಾನು. ಗ್ರಹಣದಲ್ಲಿ ಬಸುರಿ ಏನನ್ನೂ ಕತ್ತರಿಸಬಾರದೆಂದು ಅತ್ತೆ ಬಡಿದುಕೊಂಡಿದ್ದರೂ, ಬಾಯಿಚಪಲ ತಡೆಯದೆ ಒಂದು ಎಳೆ ಸೌತೆಕಾಯಿ ಹೆಚ್ಚಿ ತಿಂದಿದ್ದಳು.

ಹುಟ್ಟಿದ ಮಗ ವಿಶ್ವಾಸ್‌ಗೆ ಮಾತು ತಡವಾಯಿತು. ಬಂದ ಮಾತೂ ಎರಡೆರಡು ಸಲ ಬಂತು. ಯಾರಾದರೂ ನೋಡಿದರೆ ಮುಖ ತಿರುಗಿಸಿ ಕೈ ಪಟಪಟ ಬಡಿಯುವನು. ಅತ್ತೆ, ಪುಣ್ಯಾತ್ಗಿತ್ತಿ, ಸಾಯುವವರೆಗೂ ಆ ಸೌತೆಕಾಯಿಯನ್ನು ಬಿಡಲಿಲ್ಲ. ಗೋದಮ್ಮನೂ ನಂಬಿದಳು.

ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿದ ಮಗಳು ಹಂಸ 2002ರಲ್ಲಿ ತಮ್ಮನ ರಕ್ತ ಪರೀಕ್ಷೆ ಮಾಡಿಸಿದಳು. ಫಲಿತಾಂಶ ಬಂದ ದಿನ ಅಮ್ಮನನ್ನು ಜಗಲಿಯಲ್ಲಿ ಕೂರಿಸಿಕೊಂಡಳು.

“ಜೀವಕೋಶದಲ್ಲಿ ಆರ್‌ಎನ್‌ಎ ಅಂತ ಇರತ್ತಮ್ಮ, ಏನು ಮಾಡ್ಬೇಕು ಅಂತ ಬರೆದು ಕಳಿಸೋ ಚೀಟಿ ಥರ. ಅದನ್ನ ಹಿಡ್ಕೊಂಡು ಹೊತ್ತಿಗೆ ಸರಿಯಾಗಿ ಬಿಡೋಕೆ ಒಂದು ಪ್ರೋಟೀನ್. ಅದರಲ್ಲಿ ಹಿಡಿಯೋ ಕೈ ಇದ್ದಂಗೆ ಒಂದು ಭಾಗ, ಕೆಎಚ್ ಡೊಮೇನ್ ಅಂತಾರೆ. ಬ್ಯಾಕ್ಟೀರಿಯಾದಲ್ಲೂ ಅಂಥ ಕೈ ಇದೆ, ಮೀನಲ್ಲೂ ಇದೆ, ನಮ್ಮಲ್ಲೂ ಇದೆ. ನಮ್ಮ ವಿಶ್ವನ ಮಿದುಳಲ್ಲಿ ಆ ಪ್ರೋಟೀನೇ ತಯಾರಾಗಲ್ಲ. ಸೌತೆಕಾಯಿ ಅಲ್ಲ ಕಣಮ್ಮ.”

“ಮತ್ತೆ ಎಲ್ಲಿಂದ ಬಂತೇ?”

“ನಿನ್ನ ಕಡೆಯಿಂದ. ನಿಂಗೇ ಗೊತ್ತಿಲ್ದೆ. ನನ್ನಲ್ಲೂ ಇರಬಹುದು.”

ಆ ಮಧ್ಯಾಹ್ನವೆಲ್ಲ ಗೋದಮ್ಮನಿಗೆ ಹೊಸ ಕನಸು. ಮೈಯೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಕೈಗಳು ಚೀಟಿ ಹಿಡಿದು ಓಡಾಡುತ್ತಿವೆ. ಹೇಮಾವತಿಯ ಮೀನಿಗೂ ತನಗೂ ಒಂದೇ ಥರದ ಕೈ! ಹಾಯೆನಿಸಿತು. ಆಮೇಲೆ ಮಗಳ ಕೊನೆಯ ಮಾತು ನೆನಪಾಯಿತು. ಮುಂದಿನ ವಾರವೇ ಹಂಸಳನ್ನು ನೋಡಲು ಅರಕಲಗೂಡಿನವರು ಬರುವವರಿದ್ದರು.

ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗ ಗೌರೀಶಂಕರ ಒಳ್ಳೆಯವನಂತೆಯೇ ಕಂಡ. ಅವನ ತಾಯಿ ಮೂಲೆಯಲ್ಲಿದ್ದ ವಿಶ್ವಾಸ್‌ನನ್ನು ನೋಡಿ ರಾಗ ಎಳೆದರು.

“ಹುಟ್ಟಿನಿಂದ್ಲೇ ಹೀಗಾ? ವಂಶದಲ್ಲಿ ಇನ್ಯಾರಿಗಾದ್ರೂ…?”

“ಇಲ್ಲಮ್ಮ, ಯಾರಿಗೂ ಇಲ್ಲ. ಬಸುರೀಲಿ ನಾನೇ ಗ್ರಹಣದ ದಿನ ಸೌತೆಕಾಯಿ ಹೆಚ್ಚಿಬಿಟ್ಟೆ. ತಪ್ಪೆಲ್ಲ ನಂದೇ,” ಎಂದಳು ಗೋದಮ್ಮ, ಕಣ್ಣು ಕೂಡ ಮಿಟುಕಿಸದೆ.

ಕಾಫಿ ತಂದ ಹಂಸ ತಟ್ಟೆ ಕೆಳಗಿಟ್ಟಳು. “ಅಮ್ಮಂದು ಏನೂ ತಪ್ಪಿಲ್ಲ. ಇದು ವಂಶದಲ್ಲೇ ಬಂದಿದ್ದು. ನನ್ನಲ್ಲೂ ಇರಬಹುದು.”

ಅರಕಲಗೂಡಿನವರು ಕಾಫಿ ಕುಡಿದು, “ಊರಿಗೆ ಹೋಗಿ ತಿಳಿಸ್ತೀವಿ” ಎಂದು ಎದ್ದರು. ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ಗೋದಮ್ಮ ಮಗಳಿಗೆ ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಬಿಕ್ಕಿದಳು. ಇಷ್ಟು ವರ್ಷದಲ್ಲಿ ಅವಳದು ತಪ್ಪಿಲ್ಲವೆಂದು ನಾಲ್ಕು ಜನರ ಮುಂದೆ ಯಾರೂ ಅಂದಿರಲಿಲ್ಲ.