ಕಿತ್ತೂರಿನ ಅತಿಥಿಗೆ ತುಂಬಿದ ಉಡಿ

ಆಫ್ರಿಕಾದ ದೇಶವೊಂದರ ಅಧ್ಯಕ್ಷರ ಪತ್ನಿಯಾಗಿದ್ದವರು ಎಪ್ಪತ್ತರ ದಶಕದಲ್ಲಿ ಕಿತ್ತೂರಿನ ಕೋಟೆ ನೋಡಲು ಬಂದಿದ್ದರು. ಯಾರು ಹೊಗಳಿದರೂ ಎದೆ ಮುಟ್ಟಿಕೊಂಡು, ‘ನಾನು ಟೀಚರ್’ ಎನ್ನುತ್ತಿದ್ದರು. ದುಭಾಷಿಯಾಗಿದ್ದ ನನ್ನ ಬಾಯಿ ಸುಮ್ಮನಿರಬೇಕಲ್ಲ! ಗಂಡ ತೀರಿದ ಮೇಲೆ ಮತ್ತೆ ಶಾಲೆಯಲ್ಲಿ ಕಲಿಸಲು ಸೇರಿದವರು ಎಂದುಬಿಟ್ಟೆ. ಉಡಿ ತುಂಬಲು ನಿಂತಿದ್ದ ಹೆಂಗಸರು ಅಕ್ಕಿಯ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು. ವಿಧವೆಗೆ ಉಡಿ ತುಂಬುವ ಪದ್ಧತಿ ನಮ್ಮಲ್ಲಿರಲಿಲ್ಲ.

ಕಾರಣವನ್ನು ನನ್ನಿಂದ ತಿಳಿದ ಅತಿಥಿ, ಉಡಿಗೆಂದು ಒಡ್ಡಿದ ಶಾಲನ್ನು ಇಳಿಸಲಿಲ್ಲ. ‘ಯುದ್ಧಕ್ಕೆ ನಿಂತಾಗ ನಿಮ್ಮ ರಾಣಿಯ ಗಂಡ ಬದುಕಿದ್ದರೇ?’ ಎಂದು ನನ್ನಿಂದ ಕೇಳಿಸಿದರು.

ವಿಧವೆಯಾಗಿದ್ದ ನಮ್ಮವ್ವ ಮೂಲೆಯಿಂದ ಎದ್ದು ಬಂದಳು. ‘ಇಲ್ಲರಿ, ನಮ್ಮ ರಾಣಿನೂ ಗಂಡ ಇಲ್ಲದಾಕಿನ. ತರ್ರಿ ಇಲ್ಲೆ ತಟ್ಟಿ!’ ಎಂದು ಉಡಿ ತುಂಬಿಯೇಬಿಟ್ಟಳು.

ಅತಿಥಿ ಅದರಲ್ಲೇ ಒಂದು ಬೊಗಸೆ ಅಕ್ಕಿಯನ್ನು ಅವ್ವನ ಸೆರಗಿಗೆ ಸುರಿದರು. ಅವ್ವ ಆ ತುಂಬಿದ ಉಡಿ ಹಿಡಿದುಕೊಂಡು ಪೇಟೆಯ ನಟ್ಟನಡುವೆ ಮನೆಗೆ ನಡೆದಳು.