ಹಳ್ಳದ ಒರತೆಯ ನೀರು

ಮೊನ್ನೆ ಜಮಖಂಡಿಯ ಅಂಗಡಿಯೊಂದರಲ್ಲಿ ತೇವ ಹಿಡಿದ ಯೂರಿಯಾ ಚೀಲ ಬಿಚ್ಚಿದರು. ಮೂಗಿಗೆ ಬಡಿದ ಆ ಘಾಟು ನನ್ನನ್ನು ನೇರ ಗಲಗಲಿಗೆ, ಕಾಕಾನ ಕಬ್ಬಿನ ಹೊಲಕ್ಕೆ ಒಯ್ದಿತು. ನಿಮಗೂ ಹೀಗೆ ಎಲ್ಲಿಗೋ ಕರೆದೊಯ್ಯುವ ಒಂದು ವಾಸನೆ ಇದ್ದೀತು. ಅದು ಮಲ್ಲಿಗೆಯದಾಗಿದ್ದರೆ ನೀವು ಪುಣ್ಯವಂತರು.

ನದಿಗೆ ಪಂಪು ಕೂತ ಹೊಸತು. ಆಗ ನಮ್ಮ ಕಡೆ ಕಬ್ಬು ಹಸಿರಾದರೆ ಸಾಲದು, ಕಪ್ಪಗೆ ಕಾಣಬೇಕಿತ್ತು. ಗೊಬ್ಬರವನ್ನು ಬುಡಕ್ಕೆ ಹಾಕಲು ಬೆನ್ನು ಬಗ್ಗಿಸಬೇಕು. ಕಾಕಾ, ಉಳಿದವರಂತೆ, ಯೂರಿಯಾ ಚೀಲದ ಬಾಯಿ ಬಿಚ್ಚಿ ನೀರಿನ ಕಾಲುವೆಯಲ್ಲಿ ಮಲಗಿಸಿ, ತಾನು ಬೇವಿನ ನೆರಳಲ್ಲಿ ಚಹಾ ಕುಡಿಯುತ್ತಿದ್ದ. ನೀರೇ ಅದನ್ನು ಕರಗಿಸಿಕೊಂಡು ಹೋಗಿ ಕಬ್ಬಿಗೆ ಉಣ್ಣಿಸುತ್ತಿತ್ತು. ನನಗೂ ಅದು ಜಾಣತನವೆಂದೇ ಕಂಡಿತ್ತು. ಪತ್ರಿಕಾ ಕಚೇರಿಯ ಕುರ್ಚಿಯಲ್ಲಿ ಕೂರುವ ನನ್ನಂಥವನಿಗೆ ಕೂತು ಮಾಡುವ ಕೆಲಸವೆಲ್ಲ ಜಾಣತನವೇ.

ಹೆಚ್ಚಾದ ನೀರು ಕೆಳಗಿನ ಹಳ್ಳಕ್ಕೆ ಇಳಿಯುತ್ತಿತ್ತು. ಆ ಹಳ್ಳದ ಉಸುಕಿನಲ್ಲಿ ತೋಡಿದ ಒರತೆಯಿಂದಲೇ ಓಣಿಯವರೆಲ್ಲ ಕುಡಿಯುವ ನೀರು ತುಂಬಬೇಕು. ಆ ಬೇಸಿಗೆಯಲ್ಲಿ ಒರತೆಗೆ ಪಾಚಿ ಕಟ್ಟಿತು.

"ಎಮ್ಮಿ ಸೈತ ಮೂಸಿ ಮಾರಿ ತಿರವಾಕತ್ತೈತಿ," ಎಂದಳು ಕಾಕಿ.

"ಅದಕ್ಕ ಸೊಕ್ಕು ಬಂದೈತಿ ಬಿಡ," ಎಂದ ಕಾಕಾ.

ಅಷ್ಟರಲ್ಲಿ ಮುಧೋಳದ ಬೀಗರು ಕಬ್ಬು ನೋಡಲು ಬಂದರು. ಅವರ ಹೊಗಳಿಕೆಗೆ ಹಿಗ್ಗಿದ ಕಾಕಾ ನೀರು ತರಲು ಕೂಗಿದ. ಕಾಕಿ ಒರತೆಯ ನೀರನ್ನೇ ತಂಬಿಗೆಯಲ್ಲಿ ತಂದು, ಬೀಗರ ಮುಂದಿಡದೆ ಅವನ ಕೈಗೆ ಕೊಟ್ಟಳು.

"ನೀವ ಮೊದಲ ಕುಡೀರಿ. ಆಮ್ಯಾಗ ಅವರಿಗೆ ಕೊಡ್ತೇನಿ."

ಬೀಗರು ಇಣುಕಿದರು; ನೀರು ಹಸಿರಾಗಿತ್ತು. "ಏನ್ರಿ ಬೀಗರ, ತಂಬಗ್ಯಾಗೂ ಕಬ್ಬ ಹಚ್ಚೀರೇನು?"

ಎಲ್ಲರೂ ನಕ್ಕರು, ಕಾಕಿಯೊಬ್ಬಳನ್ನು ಬಿಟ್ಟು. ಕಾಕಾ ತಂಬಿಗೆ ಕೆಳಗಿಟ್ಟು, ಕಾಲುವೆಗೆ ಹೋಗಿ ಚೀಲ ಎತ್ತಿ ದಂಡೆಗೆ ಹಾಕಿದ.

ಮುಂದೆ ಗೊಬ್ಬರ ಸ್ವಲ್ಪ ಸ್ವಲ್ಪವೇ ಬುಡಕ್ಕೆ ಬಿತ್ತು, ಮೇಲೆ ಮಣ್ಣು ಮುಚ್ಚಿತು. ತಿಪ್ಪೆಗೊಬ್ಬರಕ್ಕೆ ಮತ್ತೆ ಮರ್ಯಾದೆ ಬಂತು. ಕಬ್ಬಿನ ಕಪ್ಪು ಮಾತ್ರ ಇಳಿಯಿತು.

"ಯಾಕೋ, ನಿನ್ನ ಕಬ್ಬಿಗೆ ಕಾಮಾಲಿ ಆಗೇತೇನು?" ಎಂದು ಬದುವಿನಾಚೆಯವನು ಚುಚ್ಚಿದ.

"ಆಗಲೇಳ. ಮನ್ಯಾಗ ಕುಡ್ಯಾಕ ನೀರರ ಕೊಡಾಕತ್ತಾರ," ಎಂದ ಕಾಕಾ.

ಒಂದು ಮಳೆಗಾಲ ಹಳ್ಳವನ್ನು ತೊಳೆದ ಮೇಲೆ ಒರತೆ ತಿಳಿಯಾಯಿತು. ರಜೆಗೆ ಹೋದಾಗ ನಾನೂ ಬೊಗಸೆಯೊಡ್ಡಿ ಕುಡಿದೆ.

ಈಗ ಆ ಹೊಲದ ಒಂದು ತುಂಡು ನನ್ನ ಪಾಲಿಗಿದೆ. ಅದರ ಕೆಳಗಿನ ಇಳಿಜಾರಿನಲ್ಲಿ ಸಾವಳಗಿಯಿಂದ ಬಂದ ಕುಟುಂಬವೊಂದರ ಬೋರ್‌ವೆಲ್. ಮೊನ್ನೆ ಅಂಗಡಿಯಿಂದ ತಂದ ಚೀಲಗಳನ್ನು ಹೊಲದಲ್ಲಿ ಬಿಚ್ಚುವ ಮೊದಲು ಅವರ ಮನೆಗೆ ಹೋಗಿ ನೀರು ಕೇಳಿದೆ.

"ಚಾ ಮಾಡ್ತೇನಿ, ಕೂಡ್ರಿ," ಎಂದಳು ಮನೆಯಾಕೆ.

"ಬ್ಯಾಡವಾ, ನೀರ ಸಾಕು."

ಸಿಹಿಯಾಗಿತ್ತು. ಕಾಕಿಗೆ ಮನಸ್ಸಿನಲ್ಲೇ ಕೈಮುಗಿದು ಹೊಲಕ್ಕೆ ಮರಳಿದೆ. ಆಳುಗಳ ಜೊತೆ ಕಬ್ಬಿನ ಸಾಲಿಗಿಳಿದು, ಈ ವಯಸ್ಸಿನಲ್ಲಿ, ನಾನೂ ಬೆನ್ನು ಬಗ್ಗಿಸಿದೆ.