ಮಾನ್ವಿಯ ಗೋಡೆ ಮತ್ತು ನಮ್ಮ ಲೈಬ್ರರಿ ಅಕ್ಕೋರು

ಕಳೆದ ತಿಂಗಳು, ನಾನು ಪಾಠ ಮಾಡಿ ನಿವೃತ್ತಳಾದ ಕಾಲೇಜಿಗೆ ಹೋಗಿದ್ದೆ. ಚಿತ್ರಕಲೆ ಓದುವ ಹುಡುಗಿಯೊಬ್ಬಳು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸ್ಲೈಡ್ ಪ್ರೊಜೆಕ್ಟರಿಗೆ ಸುಮ್ಮನೆ ಕರೆಂಟು ಕೊಟ್ಟಳು. ಬಲ್ಬು ಹೊತ್ತಿತು. ವರ್ಷಾನುಗಟ್ಟಲೆ ಅದರ ಮೇಲೆ ಕೂತಿದ್ದ ಧೂಳು ಸುಟ್ಟು ವಾಸನೆ ಎದ್ದಿತು. ಅವಳು ಮೂಗು ಮುಚ್ಚಿಕೊಂಡಳು. ನಾನು ಅಲ್ಲೇ ನಿಂತುಬಿಟ್ಟೆ. ರಾಯಚೂರಿನ ನಮ್ಮ ಚಿತ್ರಕಲಾ ಶಾಲೆ, ಲೈಬ್ರರಿಯ ಕಿಟಕಿಗೆ ಹೊದಿಸಿದ ಕರಿ ಕಂಬಳಿ, ಬಿಸಿಯಾದ ಬಲ್ಬು, ನಮ್ಮ ಲೈಬ್ರರಿ ಅಕ್ಕೋರು...

ಎಂಬತ್ತರ ದಶಕದ ಮೊದಲ ವರ್ಷಗಳವು. ಅಕ್ಕೋರು ದೇವದುರ್ಗದವರು. ಅಪ್ಪ ಕಲ್ಲು ಒಡೆಯುತ್ತಿದ್ದರು, ಅವ್ವ ಕೂಲಿಗೆ ಹೋಗುತ್ತಿದ್ದರು. ಅವರ ಮನೆತನದಲ್ಲಿ ಸರಕಾರಿ ಪಗಾರ ಕಂಡ ಮೊದಲ ಹೆಣ್ಣುಮಗಳು ಇವರೇ. ಲೈಬ್ರರಿಯವರು ಅಂದರೆ ಕುರ್ಚಿಗೆ ಅಂಟಿಕೊಂಡು ಕೂತವರು ಎಂದು ತಿಳಿದಿದ್ದ ನಮಗೆ ಅಕ್ಕೋರು ಕೂತದ್ದೇ ಕಾಣುತ್ತಿರಲಿಲ್ಲ. ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಇಡೀ ದಿನ ಚಪ್ಪಲಿಯ ಸಪ್ಪಳ. ಚಹಾ ಕುಡಿಯುವುದೂ ನಿಂತೇ. ಯಾರೋ ಎಲ್ಲೋ ಕಾಯುತ್ತಿದ್ದಾರೆ, ತಾನು ಇನ್ನೂ ಹೊರಟಿಲ್ಲ ಎನ್ನುವಂಥ ತಳಮಳ ಅವರದು.

ಕೊನೆಯ ವರ್ಷ ನಾವೆಲ್ಲ ಒಂದೊಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ನಾನು ಇಟಲಿಯ ಭಿತ್ತಿಚಿತ್ರಗಳ ದೊಡ್ಡ ಪುಸ್ತಕ ತೆರೆದು ಸಾಲು ಇಳಿಸಿಕೊಳ್ಳುತ್ತಿದ್ದೆ. ಅಕ್ಕೋರು ಬಂದು ಹಾಳೆ ಎತ್ತಿ ನೋಡಿದರು.

"ಇಟಲಿ ಗ್ವಾಡಿ ಇಲ್ಲೇ ಕುಂತು ನೋಡಬಹುದು. ನಮ್ಮ ಕಡಿ ಗ್ವಾಡಿ ನೋಡಬೇಕಂದ್ರ ಯಾ ಪುಸ್ತಕ ತಗೀತಿ?"

ನನ್ನ ಊರು ಕುರ್ಡಿ. ಮಾನ್ವಿಯಲ್ಲಿ ನಮ್ಮ ದೂರದ ಸಂಬಂಧಿಕರ ವಾಡೆಯೊಂದಿತ್ತು. ಅಕ್ಕಿ ಮಿಲ್ಲಿನ ಮನೆತನ. ಅವರ ಪಡಸಾಲೆಯ ಗೋಡೆ ತುಂಬ ಹಳೆಯ ಚಿತ್ರಗಳಿದ್ದವು, ಚಿಕ್ಕವಳಿದ್ದಾಗ ಕಂಡಿದ್ದೆ. ಮಿಲ್ಲಿನ ಗೋದಾಮು ಕಟ್ಟಲು ಬರುವ ವಾರ ಆ ವಾಡೆ ಕೆಡವುತ್ತಾರೆ ಎಂಬ ಸುದ್ದಿ ಮನೆಯಲ್ಲಿ ಕಿವಿಗೆ ಬಿದ್ದಿತ್ತು. ಮಾತಿಗೆ ಮಾತು ಬಂದು ಅದನ್ನು ಹೇಳಿದೆ, ಅಷ್ಟೇ. ಅಕ್ಕೋರ ಮುಖವೇ ಬದಲಾಯಿತು.

"ಕೆಡವ್ತಾರ? ಮತ್ತ ನೀ ಇಲ್ಲಿ ಕುಂತು ಏನ್ ಮಾಡಾಕತ್ತಿ?"

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆವು. ಸ್ಟುಡಿಯೋದವರ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿ ತಂದ ಕ್ಯಾಮೆರಾ ಅಕ್ಕೋರ ಮಡಿಲಲ್ಲಿತ್ತು. ಸೀಟು ಸಿಕ್ಕಿತ್ತಾದರೂ ಅಕ್ಕೋರು ನಡುನಡುವೆ ಎದ್ದು ಡ್ರೈವರನ ಹಿಂದೆ ಹೋಗಿ ನಿಂತು ಬರುತ್ತಿದ್ದರು, ಬಸ್ಸನ್ನು ತಾವೇ ದೂಡುವವರ ಹಾಗೆ.

ವಾಡೆಯ ಬಾಗಿಲಲ್ಲಿ ಅಮ್ಮನವರು, ಅಂದರೆ ಮಿಲ್ಲಿನ ಸಾವಕಾರರ ತಾಯಿ, ನನ್ನ ಗಲ್ಲ ಹಿಡಿದು ಮುದ್ದಿಸಿದರು. ನಾವು ಬಂದ ಕೆಲಸ ಕೇಳಿ ನಕ್ಕರು. "ಆ ಮಸಿ ಹಿಡಿದ ಗ್ವಾಡಿ ನೋಡಾಕ ರಾಯಚೂರಿಂದ ಬಂದೀರೇನು?" ಆಮೇಲೆ ಅಕ್ಕೋರ ಕಡೆ ತಿರುಗಿ, "ನೀವು ಯಾವೂರವರ್ರೀ? ಯಾರ ಪೈಕಿ?" ಎಂದರು.

ಅಕ್ಕೋರು ಒಂದು ಗಳಿಗೆಯೂ ತಡೆಯಲಿಲ್ಲ. "ದೇವದುರ್ಗದವಳ್ರೀ ಯವ್ವಾ. ನಮ್ಮಪ್ಪ ಕಲ್ಲು ಒಡಿಯಾಂವ. ನಾವು ಬೌದ್ಧರು."

ಅಮ್ಮನವರು ಸಿಟ್ಟಾಗಲಿಲ್ಲ. ಬೈಯಲೂ ಇಲ್ಲ. ದನಿ ಇನ್ನಷ್ಟು ಮೆತ್ತಗಾಯಿತು. "ಹಂಗಾದ್ರ ನೀವು ಅಲ್ಲೇ ಬೇವಿನ ಗಿಡದ ನೆಳ್ಳಾಗ ಕುಂಡ್ರಿ ತಂಗಿ. ಚಹಾ ಅಲ್ಲಿಗೇ ಕಳಸ್ತೀನಿ. ನಮ್ಮ ಹುಡುಗಿ ಒಳಗ ಬರಲಿ."

ನನ್ನ ಕಿವಿ ಕಾದುಹೋದವು. "ಬ್ಯಾಡ ಅಕ್ಕೋರೆ, ನಡೀರಿ ಹೋಗೂನು" ಎಂದು ಅವರ ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡು ಕ್ಯಾಮೆರಾದ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿದರು.

"ಸಿಟ್ಟು ಬಸ್ಸಿನ್ಯಾಗ ಮಾಡೂನಂತ. ಗ್ವಾಡಿ ನಮಗ ಕಾಯೂದಿಲ್ಲ. ಒಳಗ ನಡಿ ನೀ."

ಒಳಗೆ ಹೋದೆ. ಅಕ್ಕೋರು ಗಿಡದ ನೆರಳಿಗೆ ಹೋಗಲೇ ಇಲ್ಲ. ಬೀದಿಯ ಬಿಸಿಲಲ್ಲಿ, ಪಡಸಾಲೆಯ ಎತ್ತರದ ಕಿಟಕಿಯ ಕೆಳಗೆ ಓಡಾಡುತ್ತ ಕೂಗಿ ಕೇಳುತ್ತಿದ್ದರು. ಏನದ? ಯಾವ ಬಣ್ಣ? ನಾನು ಒಳಗಿನಿಂದ ಕೂಗಿ ಹೇಳುತ್ತಿದ್ದೆ. ಅಂಬಾರಿ ಹೊತ್ತ ಆನೆ, ತುರ್ಕಿ ಟೊಪ್ಪಿಗೆಯ ಸವಾರ, ಮಜ್ಜಿಗೆ ಕಡೆಯುವ ಹೆಂಗಸು. ಒಂದು ರೈಲುಗಾಡಿಯೂ ಇತ್ತು. ಬರೆದವನು ರೈಲು ಕಂಡವನಲ್ಲ, ಬಂಡಿಯ ಗಾಲಿಗಳನ್ನೇ ಹಾಕಿದ್ದ. ಅದನ್ನು ಹೇಳಿದಾಗ ಕಿಟಕಿಯ ಆಚೆ ಅಕ್ಕೋರು ನಕ್ಕದ್ದು ಕೇಳಿಸಿತು.

"ಕೆಳಗ ಏನದ? ನೆಲಕ್ಕ ಹತ್ತಿಕೊಂಡು?"

"ಭತ್ತದ ಚೀಲ ಇಟ್ಟಾರ್ರೀ."

"ಸರಸು!"

ಆಳೊಬ್ಬನ ನೆರವಿನಿಂದ ಚೀಲ ಸರಿಸಿದೆ. ಕೆಳಗಿನ ಅಂಚಿನುದ್ದಕ್ಕೂ ಬುಟ್ಟಿ ಹೊತ್ತ ಹೆಂಗಸರ ಸಾಲು. ವಾಡೆ ಕಟ್ಟುವಾಗ ಮಣ್ಣು ಹೊತ್ತವರಿರಬೇಕು. ಗೇಣುದ್ದದ ಆಕೃತಿಗಳು. ಒಬ್ಬಳ ಬೆನ್ನಿಗೆ ಕೂಸು. ಇದನ್ನು ಮಾತ್ರ ನಾನು ಕೂಗಿ ಹೇಳಲಿಲ್ಲ. ನೆಲದ ಮೇಲೆ ಬೋರಲು ಮಲಗಿ ಕ್ಲಿಕ್ಕಿಸಿದೆ.

ಮರಳುವ ಬಸ್ಸಿನಲ್ಲಿ ಸಿಟ್ಟು ಮಾಡೋಣ ಎಂದವರು ಕಣ್ಣು ಮುಚ್ಚಿ ಕೂತಿದ್ದರು. ಅವರು ಅಷ್ಟು ಹೊತ್ತು ಕೂತದ್ದನ್ನು ನಾನು ಕಂಡದ್ದು ಅಂದೇ. ಆಳು ತಂದುಕೊಟ್ಟ ಚಹಾ ಕುಡಿದಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಆ ಫಿಲ್ಮು ತೊಳೆಯಲು ಹೈದರಾಬಾದಿಗೇ ಹೋಗಬೇಕಿತ್ತು. ರೈಲಿನಲ್ಲಿ ಹೋಗುವ ಯಾರದೋ ಕೈಯಲ್ಲಿ ಕಳಿಸಿದೆವು. ಅದು ಬರುವ ತನಕ ಅಕ್ಕೋರು ಪಟ್ಟ ಪಾಡು! ಸ್ಟೇಷನ್ನಿಗೆ ಹೋಗುವರು, ಬರುವರು. ಅಷ್ಟರಲ್ಲಿ ವಾಡೆ ನೆಲಕ್ಕೆ ಬಿದ್ದ ಸುದ್ದಿ ಬಂತು. ಇನ್ನು ಫಿಲ್ಮು ಕೆಟ್ಟರೆ ಆ ಗೋಡೆ ಎಲ್ಲಿಯೂ ಇರುವುದಿಲ್ಲ.

ಕೆಡಲಿಲ್ಲ. ಸ್ಲೈಡುಗಳು ಬಂದ ದಿನ ಕಿಟಕಿಗೆ ಕಂಬಳಿ ಹೊದಿಸಿ, ಹುಡುಗರನ್ನೆಲ್ಲ ಕೂಡಿಸಿ, ಲೈಬ್ರರಿಯ ಸುಣ್ಣದ ಗೋಡೆಯ ಮೇಲೆ ಒಂದೊಂದೇ ಬಿಟ್ಟೆವು. ಆನೆ ಬಂತು, ಸವಾರ ಬಂದ, ಬಂಡಿಗಾಲಿಯ ರೈಲಿಗೆ ಎಲ್ಲರೂ ನಕ್ಕರು. ಕೊನೆಗೆ ಬುಟ್ಟಿ ಹೊತ್ತವರು. ಅಕ್ಕೋರು ನೋಡುತ್ತ ನೋಡುತ್ತ ಎದ್ದು ಗೋಡೆಯ ಹತ್ತಿರ ನಡೆದರು. ಬೆಳಕಿಗೆ ಅಡ್ಡ ಬಂದದ್ದು ಅವರಿಗೆ ತಿಳಿಯಲಿಲ್ಲ. ಆ ಹೆಂಗಸರ ಸಾಲು ಅವರ ಬಿಳಿ ಸೀರೆಯ ಮೇಲೆ ಹಾಯ್ದು ಆಚೆಯ ಗೋಡೆಗೆ ಹೋಯಿತು.

"ಇವರನ್ನ ಒಳಗ ಬಿಟ್ಟಾರ ನೋಡು" ಎಂದರು. ಮುಖ ಗೋಡೆಯ ಕಡೆಗಿತ್ತು, ನಕ್ಕರೋ ಅತ್ತರೋ ಗೊತ್ತಾಗಲಿಲ್ಲ...

ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಪ್ರತಿ ವರ್ಷದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಿರೇಕೊಟ್ನೆಕಲ್, ಯಾಪಲದಿನ್ನಿ, ತಮ್ಮ ದೇವದುರ್ಗ ಎಂದು ತಿರುಗಿದರು. ಕೆಲವು ಮನೆಯವರು ಒಳಗೆ ಕರೆದು ಊಟಕ್ಕೇ ಕೂಡಿಸಿದರು, ಕೆಲವರು ಗಿಡದ ನೆರಳು ತೋರಿಸಿದರು. ಸ್ಲೈಡುಗಳಿಗೆಂದು ಒಂದು ಕಪಾಟೇ ಆಯಿತು. ನಾನು ಓದು ಮುಗಿಸಿ ನೌಕರಿ ಹಿಡಿದೆ. ಮೊದಮೊದಲು ಕಾಗದ ಬರೆಯುತ್ತಿದ್ದೆವು. ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಆಮೇಲೆ ಕಾಗದಗಳೂ ನಿಂತವು...

ಆ ಶಾಲೆ ಮುಚ್ಚಿದಾಗ ಕಪಾಟು ನಮ್ಮ ಕಾಲೇಜಿಗೆ ಬಂತು. ಈಗ ಪ್ರೊಜೆಕ್ಟರ್ ಹೊತ್ತಿಸಿದ ಆ ಹುಡುಗಿ ತನ್ನ ಸಂಶೋಧನೆಗಾಗಿ ಸ್ಲೈಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾಳೆ. ಅರ್ಧಕ್ಕರ್ಧ ಬೂಷ್ಟು ಹಿಡಿದು ಹೋಗಿವೆ. ಉಳಿದವು ಬಣ್ಣ ಮಾಸಿ ಕೆಂಪಗಾಗಿವೆ. ಯಾರ ಸಂಗ್ರಹ ಎಂದು ನಮೂದಿಸಬೇಕಾಗಿ ಬಂದಾಗ ಅಕ್ಕೋರ ಹೆಸರು ಹೇಳಿದೆ. ಅವರೆಲ್ಲಿದ್ದಾರೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೋದ ವಾರ ಇಬ್ಬರೂ ದೇವದುರ್ಗಕ್ಕೆ ಹೋದೆವು.

ಅವರ ತಮ್ಮನ ಮಗಳು ಈಗ ಹೈಸ್ಕೂಲಿನಲ್ಲಿ ಟೀಚರು. ಕೂಡಿಸಿ ನೀರು ಕೊಟ್ಟಳು. ಅತ್ತೆ ಹೋಗಿ ಬಹಳ ವರ್ಷವಾಯಿತು ಎಂದಳು. ಕೊನೆಯ ತನಕ ಒಂದು ಕಡೆ ಕೂತವರಲ್ಲವಂತೆ.

"ನಮಗೊಂದು ಮಾತು ತಿಳಸಬಾರದಿತ್ತೇನವ್ವಾ?" ಎಂದೆ.

ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ನನ್ನನ್ನೂ ಆ ಹುಡುಗಿಯನ್ನೂ ನೋಡಿ ಮೆಲ್ಲಗೆ ಕೇಳಿದಳು. "ಯಾರಿಗಂತ ತಿಳಸೂದಿತ್ರೀ? ಅತ್ತೀನ್ನ ಕೇಳಕೊಂತ ಬಂದವರು ನೀವ ಮೊದಲ."

ಹೊರಗೆ ಬಸ್ಸು ಹೊರಡುವ ಹೊತ್ತಾಗಿತ್ತು. ನನಗೆ ಮಾತ್ರ ಏಳಲು ಆಗಲಿಲ್ಲ.